ಐಸ್ ಡಬ್ಬಿಯಲ್ಲಿ ಹೊರಟ ಅಮ್ಮ

ಮೊನ್ನೆ ಹರಪನಹಳ್ಳಿ ಬಸ್ ನಿಲ್ದಾಣದಲ್ಲಿ ಹಡಗಲಿ ಬಸ್ಸಿಗೆ ಕಾಯುತ್ತಾ ಕೂತಿದ್ದೆ. ಮಳೆ ಹಿಡಿದುಕೊಂಡಿತ್ತು. ಒಬ್ಬ ಮುದುಕ ತೊಯ್ದ ಕಂಬಳಿಯನ್ನು ತಲೆಯ ಮೇಲಿಂದ ಕೊಪ್ಪೆ ಹಾಕಿಕೊಂಡು ಬಂದು ನನ್ನ ಪಕ್ಕದಲ್ಲೇ ಕೂತ. ಕಾಲೇಜು ಹುಡುಗಿಯರಿಬ್ಬರು ಮೂಗು ಮುಚ್ಚಿಕೊಂಡು ಆಚೆ ಸರಿದರು. ನಾನು ಸರಿಯಲಿಲ್ಲ. ತೊಯ್ದ ಉಣ್ಣೆಯ ವಾಸನೆ ಸುಖದ್ದೇನಲ್ಲ, ಆದರೆ ಇಡೀ ನೌಕರಿಯನ್ನು ಕುರಿಗಳ ಬಾಲ ಎತ್ತಿ ನೋಡುತ್ತಲೇ ಮುಗಿಸಿದವಳಿಗೆ ಅದು ಹೊಸದೂ ಅಲ್ಲ. ಆದರೆ ಆ ಕಂಬಳಿಯಲ್ಲಿ ಬೇವಿನ ಹೊಗೆಯ ಕಮಟೂ ಸೇರಿತ್ತು. ಅವೆರಡೂ ಕೂಡಿದ ವಾಸನೆ ಮೂಗಿಗೆ ಬಡಿದರೆ ನನಗೆ ಒಂದೇ ಒಂದು ಮಳೆಗಾಲ ನೆನಪಾಗುತ್ತದೆ, ನೆನಪಾದ ಮೇಲೆ ಆ ದಿನ ಬೇರೆ ಯಾವ ಕೆಲಸಕ್ಕೂ ಮನಸ್ಸು ಬರುವುದಿಲ್ಲ.

ತೊಂಬತ್ತರ ದಶಕ ಮುಗಿಯುತ್ತಾ ಬಂದಿತ್ತು. ಆಗ ನಾನು ಕೂಡ್ಲಿಗಿ ತಾಲ್ಲೂಕಿನಲ್ಲಿ, ಕೊಟ್ಟೂರಿಗೆ ಹತ್ತಿರದ ಒಂದು ಹಳ್ಳಿಯಲ್ಲಿ ಪಶುವೈದ್ಯೆ. ನಮ್ಮೂರು ಹಡಗಲಿ ತಾಲ್ಲೂಕಿನ ಹೊಳಲು, ಹಾಗಾಗಿ ಜನರ ಮಾತು, ಜಗಳ, ಸಿಟ್ಟು ಯಾವುದೂ ಹೊಸದಿರಲಿಲ್ಲ. ಹೊಸದಾಗಿದ್ದದ್ದು ನನ್ನ ದಣಿವು. ಅದಕ್ಕೆ ಮುಂಚೆ ಬೆಂಗಳೂರಿನ ಪ್ರಯೋಗಾಲಯವೊಂದರಲ್ಲಿ ಸಂಶೋಧನೆಗೆ ಸೇರಿ, ಕುರಿ ಸಿಡುಬಿನ ವೈರಸ್ಸಿನ ಒಂದೇ ಒಂದು ಕಿಣ್ವದ ಹಿಂದೆ ವರ್ಷಗಟ್ಟಲೆ ಬಿದ್ದಿದ್ದೆ. ಅದು ಮುಗಿಯುವ ಮೊದಲೇ ಸರ್ಕಾರಿ ನೌಕರಿ ಬಂತು. ಬಂದ ನೌಕರಿ ಬಿಡುವಷ್ಟು ಧೈರ್ಯ ನಮ್ಮ ಮನೆಯಲ್ಲಿ ಯಾರಿಗೂ ಇರಲಿಲ್ಲ, ನನಗೂ ಇರಲಿಲ್ಲ.

ಆ ಕಿಣ್ವದ ಹೆಸರು ಟೊಪೊಐಸೊಮರೇಸ್. ಹೇಳಲಿಕ್ಕೆ ನಾಲಿಗೆ ಹೊರಳದ ಹೆಸರಾದರೂ ಅದು ಮಾಡುವ ಕೆಲಸ ಬಹಳ ಸರಳ. ಡಿಎನ್‌ಎ ಎಂದರೆ ಎರಡು ಎಳೆ ಸುತ್ತಿಕೊಂಡ ಹುರಿ. ಅದರಲ್ಲಿ ಬರೆದದ್ದನ್ನು ಓದಬೇಕಾದರೆ ಎಳೆಗಳನ್ನು ನಡುವೆ ಬಿಡಿಸಬೇಕು. ಒಂದು ಕಡೆ ಬಿಡಿಸಿದರೆ ಇನ್ನೊಂದು ಕಡೆ ಹುರಿ ಬಿಗಿದು ಸುರುಳಿ ಬೀಳುತ್ತದೆ, ಮುಂದಕ್ಕೆ ಹೋಗಲು ಬಿಡುವುದಿಲ್ಲ. ಆ ಬಿಗಿತ ತೆಗೆಯುವುದು ಈ ಕಿಣ್ವದ ಕೆಲಸ. ಬೇರೆ ಬಹಳಷ್ಟು ಡಿಎನ್‌ಎ ವೈರಸ್‌ಗಳು ಜೀವಕೋಶದ ನಡುಮನೆಗೆ, ಅಂದರೆ ಕೋಶಕೇಂದ್ರಕ್ಕೆ ನುಗ್ಗಿ ಅಲ್ಲಿನ ಸಾಮಾನನ್ನೇ ಬಳಸಿಕೊಳ್ಳುತ್ತವೆ. ಸಿಡುಬಿನ ವೈರಸ್ ಹಾಗಲ್ಲ. ಅದು ಪಡಸಾಲೆಯಲ್ಲೇ ಬೀಡುಬಿಟ್ಟು ತನ್ನ ವಂಶ ಬೆಳೆಸುತ್ತದೆ, ಅದಕ್ಕೆ ಬೇಕಾದ ಸಾಮಾನನ್ನೂ ತಾನೇ ಹೊತ್ತು ತಂದಿರುತ್ತದೆ. ಈ ಕಿಣ್ವವೂ ಹಾಗೆ ತಂದ ಸಾಮಾನು. ಅದನ್ನು ತಡೆಯುವ ಮದ್ದು ಸಿಕ್ಕರೆ ರೋಗವೇ ನಿಂತೀತು ಎನ್ನುವುದು ನಮ್ಮ ಗುರುಗಳ ಆಸೆ, ಅವರ ಬೆನ್ನು ಹತ್ತಿದ ನನ್ನ ಆಸೆಯೂ ಅದೇ ಆಗಿತ್ತು.

ಆ ಮಳೆಗಾಲದ ಕೊನೆಯಲ್ಲಿ ಗುರುಗಳು ಫೋನ್ ಮಾಡಿದರು. ಕೊಟ್ಟೂರಿನ ಎಸ್‌ಟಿಡಿ ಬೂತಿನಲ್ಲಿ ನಿಂತು ಮಾತಾಡಿದೆ. ಪ್ರಯೋಗಾಲಯದಲ್ಲಿ ಒಂದು ಜಾಗ ಖಾಲಿ ಇದೆ, ನೌಕರಿಯಿಂದ ರಜೆ ಕೊಡಿಸುವ ಏರ್ಪಾಡನ್ನೂ ಮಾಡುತ್ತೇನೆ ಎಂದರು. "ಆದ್ರೆ ಖಾಲಿ ಕೈಯಲ್ಲಿ ಬರಬೇಡಮ್ಮ. ನಿಮ್ಮ ಸೀಮೆ ಕುರಿಯಿಂದಲೇ ತೆಗೆದ ಹಸಿ ಗಂಟು ಬೇಕು, ಐಸ್‌ನಲ್ಲಿ ಇಟ್ಟು ತರಬೇಕು. ಈ ತಿಂಗಳು ದಾಟಿದ್ರೆ ಜಾಗ ಬೇರೆಯವರಿಗೆ ಹೋಗುತ್ತೆ, ನನ್ನ ಕೈಯಲ್ಲಿ ಇರೋಲ್ಲ." ಬೂತಿನಿಂದ ಹೊರಗೆ ಬಂದಾಗ ನನಗೆ ಅಳು ಬಂತು. ಖುಷಿಗೇ ಬಂದದ್ದು. ಕುರಿಗಳಿಗೆ ಸಿಡುಬು ಬರಲಿ ಎಂದು ಬಯಸುವ ಪಶುವೈದ್ಯೆ ಲೋಕದಲ್ಲಿ ನಾನೊಬ್ಬಳೇ ಇರಬೇಕು.

ಬಯಸಿದ್ದು ಬಂದೇಬಿಟ್ಟಿತು. ಹಾಲಪ್ಪ ಎನ್ನುವ ಕುರಿಗಾರನ ಮಂದೆಯಲ್ಲಿ ಮರಿಗಳು ಜ್ವರದಿಂದ ನಡುಗುತ್ತಾ ಮೂಗು ಸುರಿಸುತ್ತಿದ್ದವು. ಬಾಲದಡಿ, ತೊಡೆಸಂದಿ, ತುಟಿಯ ಮೇಲೆ ಕೆಂಪು ಗಂಟುಗಳು. ನೋಡಿದ ಕೂಡಲೇ ಗೊತ್ತಾಯಿತು. ನನಗೆ ಹೇಳಲು ಬಿಡದೆ ಹಾಲಪ್ಪನೇ ಹೇಳಿದ.

"ಅಮ್ಮ ಬಂದಾಳ್ರಿ ಡಾಕ್ಟರವ್ವ. ಕಟ್ಟು ಹಾಕೀವಿ. ಆಕಿ ಹೋಗೋ ತನಕ ಈ ರೊಪ್ಪದಿಂದ ಒಂದು ಹಿಕ್ಕಿನೂ ಹೊರಗ ಹೋಗಂಗಿಲ್ಲ."

ರೊಪ್ಪ ಎಂದರೆ ಮುಳ್ಳುಬೇಲಿ ಹಾಕಿದ ಕುರಿದೊಡ್ಡಿ. ಕಟ್ಟು ಎಂದರೆ ಅವರ ಪದ್ಧತಿ. ಮಂದೆಗೆ ಅಮ್ಮ ಬಂದಾಗ ಬಾಗಿಲಿಗೆ ಬೇವಿನ ತೋರಣ ಕಟ್ಟುತ್ತಾರೆ, ಬೇವಿನ ಹೊಗೆ ಹಾಕುತ್ತಾರೆ. ಆಮೇಲೆ ಉಣ್ಣೆ, ಹಾಲು, ಗೊಬ್ಬರ, ಕುರಿ ಯಾವುದೂ ಹೊರಗೆ ಹೋಗುವಂತಿಲ್ಲ. ಕೊನೆಗೆ ಒಂದು ದಿನ ಅಮ್ಮನಿಗೆ ಎಡೆ ಮಾಡಿ, ಊರಗಡಿ ದಾಟಿಸಿ ಕಳಿಸುತ್ತಾರೆ. ಕಳಿಸಿದ ಗಳಿಗೆಗೆ ಕಟ್ಟು ಬಿಚ್ಚುತ್ತದೆ. ಸರ್ಕಾರದ ಸುತ್ತೋಲೆ ಓದಿ ಹೇಳಿದ್ದರೆ ಯಾರೂ ಕೇಳುತ್ತಿರಲಿಲ್ಲ, ಅಮ್ಮನ ಮಾತು ಎಂದರೆ ಯಾರೂ ಮೀರುತ್ತಿರಲಿಲ್ಲ. ನನ್ನ ಅರ್ಧ ಕೆಲಸ ತಾನಾಗಿಯೇ ಆಯಿತು ಎಂದುಕೊಂಡೆ.

ಉಳಿದರ್ಧ ಕೆಲಸ ನನ್ನನ್ನೂ ನಮ್ಮ ಆಸ್ಪತ್ರೆಯ ಸಹಾಯಕ ಕೊಟ್ರಪ್ಪನನ್ನೂ ಅರೆದುಹಾಕಿತು. ಸುತ್ತಲಿನ ಹಳ್ಳಿಗಳ ಮಂದೆಗಳಿಗೆಲ್ಲ ಲಸಿಕೆ ಹಾಕಬೇಕು. ಬೆಳಗ್ಗೆ ಮಳೆಯಲ್ಲಿ ಹೊರಟರೆ ಸಂಜೆ ಮಳೆಯಲ್ಲೇ ವಾಪಸ್ಸು. ಕೆಸರಲ್ಲಿ ಬಗ್ಗಿ ಕುರಿ ಹಿಡಿ, ಬಾಲದ ಪಕ್ಕ ಸೂಜಿ ಚುಚ್ಚು, ಬಿಡು, ಮುಂದಿನದನ್ನು ಹಿಡಿ. ಸೊಂಟ ನನ್ನದಲ್ಲ ಎನ್ನಿಸುತ್ತಿತ್ತು. ಕೊಟ್ಟೂರಿನ ಐಸ್‌ಕ್ಯಾಂಡಿ ಕಾರ್ಖಾನೆಯಿಂದ ಐಸ್ ತಂದು ಡಬ್ಬಿಗೆ ತುಂಬುವುದು ಕೊಟ್ರಪ್ಪನ ಕೆಲಸ. ಕರೆಂಟ್ ಇಲ್ಲದ ದಿನ ಐಸ್ ಇಲ್ಲ, ಐಸ್ ಇಲ್ಲದ ದಿನ ಲಸಿಕೆ ಇಲ್ಲ. ಲಸಿಕೆಯೂ ಬೇಕಾದಷ್ಟು ಬರಲಿಲ್ಲ. ಬಂದದ್ದು ಸುತ್ತಲಿನ ಹಳ್ಳಿಗಳಿಗೇ ಮುಗಿಯಿತು, ಹಂಪಸಾಗರದ ಹೊಳೆಯ ಕಡೆಗೆ ಏನೂ ಉಳಿಯಲಿಲ್ಲ.

"ಮೇಡಮ್ಮಾರ, ಈ ಕುರಿಗೋಳು ನಮ್ಮನ್ನ ನೋಡಿದ್ರ ಈಗ ತಾವಾಗಿ ಬಾಲ ಎತ್ತತಾವ" ಎಂದು ಕೊಟ್ರಪ್ಪ ನಗಿಸಲು ನೋಡುತ್ತಿದ್ದ. ನಗುವುದಕ್ಕೂ ಶಕ್ತಿ ಬೇಕಲ್ಲ.

ಇಷ್ಟರ ನಡುವೆ ದಿನವೂ ಹಾಲಪ್ಪನ ರೊಪ್ಪಕ್ಕೆ ಹೋಗಿ ಹುಣ್ಣಿಗೆ ಔಷಧಿ ಹಚ್ಚಿ ಬರುತ್ತಿದ್ದೆ. ಕೆಲವು ಮರಿಗಳು ಸತ್ತವು, ಬೇಲಿಯ ಒಳಗೇ ಹೂಳಿದರು. ನನಗೆ ಬೇಕಾದ ಗಂಟು ಕಣ್ಣೆದುರೇ ಇತ್ತು. ಕೇಳಲು ಮಾತ್ರ ಬಾಯಿ ಬರುತ್ತಿರಲಿಲ್ಲ. ಏನೂ ಹೊರಗೆ ಹೋಗಬಾರದು ಎಂದು ದಿನವೂ ತಲೆಯಾಡಿಸಿ ಮೆಚ್ಚಿದವಳು ನಾನೇ, ಈಗ ನಾನೇ ಒಯ್ಯುತ್ತೇನೆ ಎಂದರೆ ಹೇಗೆ? ಸೀಸೆಯಲ್ಲಿ ಭದ್ರವಾಗಿ ಮುಚ್ಚಿ ಒಯ್ದರೆ ರೋಗ ಹರಡುವುದಿಲ್ಲ ಎಂದು ನನಗೆ ಗೊತ್ತು. ಅವರಿಗೆ ಹೇಳಿ ಒಪ್ಪಿಸುವುದು ಬೇರೆಯೇ ಮಾತು.

ಒಂದು ಮಧ್ಯಾಹ್ನ ಮಳೆ ಬಿಡುವು ಕೊಟ್ಟಿತ್ತು. ಹಾಲಪ್ಪನ ಹೆಂಡತಿ ಕೆಂಚವ್ವ ಬೇಲಿಗೆ ಒರಗಿ ನಿಂತು ಕದಿರು ತಿರುಗಿಸುತ್ತಾ ಉಣ್ಣೆ ನೂಲುತ್ತಿದ್ದಳು. ನನಗಿಂತ ಬಹಳ ದೊಡ್ಡವಳು, ಕೆಂಚಕ್ಕ ಎಂದೇ ಕರೆಯುತ್ತಿದ್ದೆ. ಕಣ್ಣುಮುಚ್ಚಿ ಕೇಳಿಯೇಬಿಟ್ಟೆ.

"ಒಯ್ದು ಏನ್ ಮಾಡ್ತೀರಿ?" ಎಂದಳು.

ಸುಮ್ಮನೆ ಪರೀಕ್ಷೆಗೆ ಎಂದು ಹೇಳಿ ಮುಗಿಸಬಹುದಿತ್ತು. ಆದರೆ ಎಷ್ಟೋ ತಿಂಗಳಿಂದ ಆ ಕಿಣ್ವದ ಬಗ್ಗೆ ಯಾರೊಡನೆಯೂ ಮಾತಾಡಿರಲಿಲ್ಲ. ಅವಳ ಕೈಯಿಂದ ಎರಡೆಳೆಯ ಹುರಿ ನೂಲೊಂದನ್ನು ಇಸಕೊಂಡೆ. ಒಂದು ತುದಿ ಅವಳ ಕೈಗೆ ಕೊಟ್ಟು ಇನ್ನೊಂದು ತುದಿಯನ್ನು ಬೆರಳಿಗೆ ಸುತ್ತಿಕೊಂಡು, ನಡುವೆ ಎಳೆಗಳನ್ನು ಬಿಡಿಸುತ್ತಾ ಹೋದೆ. ಮುಂದಿನ ನೂಲು ಬಿಗಿದು ಗುಂಗುರಾಯಿತು.

"ನೋಡ್ರಿ ಕೆಂಚಕ್ಕ, ಇಂಥದೊಂದು ಹುರಿ ನಮ್ಮೆಲ್ಲಾರ ಮೈಯಾಗ ಐತಿ. ಅಮ್ಮನ ಮೈಯಾಗೂ ಐತಿ. ಹಿಂಗ ಬಿಗಿ ಆದಾಗ ಅದನ್ನ ಸಡಿಲ ಮಾಡೋ ಒಂದು ಕೈ ಆಕೀ ಹಂತ್ಯಾಕ ಐತಿ. ಆ ಕೈ ನಾ ನೋಡ್ಬೇಕು."

"ಹೆಂಗ ಐತಿ ಆ ಕೈ?"

ತೋರಿಸಿದೆ. ಎರಡು ಭಾಗದ ಚಿಕ್ಕ ವಸ್ತು ಅದು, ಒಂದು ಸಣ್ಣದು, ಒಂದು ದೊಡ್ಡದು, ನಡುವೆ ಬಾಗುವ ಕೀಲು. ಎರಡೂ ಕೂಡಿ ಹುರಿಯನ್ನು ಸುತ್ತುವರಿದು ಹಿಡಿಯುತ್ತವೆ, ಹೆಬ್ಬೆರಳೂ ಉಳಿದ ಬೆರಳುಗಳೂ ಹಗ್ಗ ಹಿಡಿದ ಹಾಗೆ. ಸಿಕ್ಕ ಸಿಕ್ಕಲ್ಲಿ ಕತ್ತರಿಸುವುದಿಲ್ಲ. ಹುರಿಯ ಮೇಲೆ ಒಂದು ಗೊತ್ತಾದ ಅಕ್ಷರಸಾಲು ಸಿಕ್ಕಲ್ಲಿ ಮಾತ್ರ, ಅದೂ ಎರಡರಲ್ಲಿ ಒಂದೇ ಎಳೆಯನ್ನು ಕತ್ತರಿಸುತ್ತದೆ. ಕತ್ತರಿಸಿದ ತುದಿಯನ್ನು ಬಿಡದೆ ತನಗೇ ಅಂಟಿಸಿಕೊಂಡಿರುತ್ತದೆ. ಇನ್ನೊಂದು ತುದಿ ತಿರುಗುತ್ತಾ ತಿರುಗುತ್ತಾ ಬಿಗಿತ ಇಳಿಸುತ್ತದೆ. ಆಮೇಲೆ ಎರಡು ತುದಿಗಳನ್ನೂ ಮೊದಲಿದ್ದ ಹಾಗೇ ಬೆಸೆದು ಕೈ ತೆಗೆಯುತ್ತದೆ.

"ಗಂಟು ಬೀಳಂಗಿಲ್ಲೇನ್ರಿ?"

"ಇಲ್ಲ. ಹರಿದದ್ದು ಎಲ್ಲಿ ಅಂತನೂ ಗೊತ್ತಾಗಂಗಿಲ್ಲ."

ಕೆಂಚವ್ವ ಆ ನೂಲನ್ನು ಬೆರಳಲ್ಲಿ ತಿರುವಿ ನೋಡಿದಳು. "ನಮ್ಮ ಕುರಿ ಮೈಯಾಗೂ ಇಂಥ ಕೈ ಇರಬೇಕಲ್ರಿ ಮತ್ತ. ಅದನ್ನ ಬಿಟ್ಟು ಆಕೀದಷ್ಟ ಹಿಡಿಯೋದು ಹೆಂಗ?" ಎಂದಳು. ಅದೇ ನನ್ನ ವರ್ಷಗಟ್ಟಲೆಯ ತಲೆನೋವು, ಅದಕ್ಕೇ ಬೆಂಗಳೂರಿಗೆ ಹೋಗಬೇಕು ಎಂದೆ. ಗಂಟನ್ನು ಹೇಗೆ ಒಯ್ಯುತ್ತೀರಿ ಎಂದು ಕೇಳಿದಳು. ಐಸ್ ಡಬ್ಬಿಯಲ್ಲಿ, ದಾರಿಯುದ್ದಕ್ಕೂ ತಣ್ಣಗೆ ಇಟ್ಟುಕೊಂಡು ಎಂದೆ. ಅವಳ ಮುಖ ಅರಳಿತು.

"ತಂಪಾಗಿ ಒಯ್ತೀರೇನು? ಹಂಗಾರ ಒಯ್ರಿ. ನಾ ಅವರಿಗೆ ಹೇಳ್ತೀನಿ."

ಒಪ್ಪಿದ್ದಕ್ಕೆ ಕುಣಿಯುವಷ್ಟು ಸಂತೋಷವಾಯಿತು. ಯಾಕೆ ಒಪ್ಪಿದಳು ಎಂದು ಕೇಳುವ ಯೋಚನೆಯೇ ಬರಲಿಲ್ಲ.

ಎರಡು ದಿನ ಬಿಟ್ಟು ಬೆಳಗ್ಗೆ ಹೋಗಿ, ಹೊಸದಾಗಿ ಎದ್ದಿದ್ದ ಗಂಟುಗಳಿಂದ ಚೂರು ತೆಗೆದು ಸೀಸೆಗಳಿಗೆ ಹಾಕಿದೆ. ಕೆಂಚವ್ವನೇ ಒಂದೊಂದೂ ಕುರಿಯನ್ನು ಹಿಡಿದು ಕೊಟ್ಟಳು. ಸೀಸೆಗಳನ್ನು ಐಸ್ ಡಬ್ಬಿಯಲ್ಲಿ ಇಟ್ಟು, ಕೈಕಾಲು ತೊಳೆಯಲು ಆಚೆ ಹೋದೆ. ವಾಪಸ್ಸು ಬರುವಷ್ಟರಲ್ಲಿ ಡಬ್ಬಿಗೆ ಅರಿಶಿನ ಹಚ್ಚಿ ಕುಂಕುಮ ಇಟ್ಟಿದ್ದರು. ಹೆಂಗಸರು ಕೈಮುಗಿದು ನಿಂತಿದ್ದರು. ನನಗೆ ಒಳ್ಳೆಯದಾಗಲಿ ಎಂದು ಹಾರೈಸುತ್ತಿದ್ದಾರೆ ಎಂದು ತಿಳಿದು ನಾನೂ ಕೈಮುಗಿದೆ. ಕೊಟ್ರಪ್ಪ ಬೈಕಿನಲ್ಲಿ ಕೊಟ್ಟೂರಿನ ಬಸ್ ನಿಲ್ದಾಣಕ್ಕೆ ಬಿಟ್ಟ.

ಬಸ್ ಹೊರಡಲು ಇನ್ನೂ ಹೊತ್ತಿತ್ತು. ಕೊಟ್ರಪ್ಪ ಕಾರ್ಖಾನೆಯಲ್ಲಿ ಉಳಿದಿದ್ದ ಕೊನೆಯ ಐಸನ್ನು ಹುಡಿ ಮಾಡಿಸಿ ತಂದ. ತುಂಬಲೆಂದು ಡಬ್ಬಿ ತೆಗೆದೆ. ಸೀಸೆಗಳ ಮೇಲೆ ಬೇವಿನ ಎಸಳು, ಹಸಿರು ಬಳೆ, ಎರಡು ನಿಂಬೆಹಣ್ಣು, ಮುತ್ತುಗದ ಎಲೆಯಲ್ಲಿ ಕಟ್ಟಿದ ಮೊಸರನ್ನ. ಸೀಸೆಗಳಿಗೆ ಏನೂ ಆಗಿರಲಿಲ್ಲ. ನಗು ಬಂತು. ಪ್ರಯಾಣದಲ್ಲಿ ನನ್ನ ಊಟಕ್ಕೆ ಕೆಂಚಕ್ಕ ಇಟ್ಟಿದ್ದಾಳೆ ಎಂದೆ. ಕೊಟ್ರಪ್ಪ ನಗಲಿಲ್ಲ.

"ಇದು ನಿಮಗಲ್ರಿ ಮೇಡಮ್ಮಾರ. ಎಡಿ ಇದು. ಅಮ್ಮನ್ನ ಕಳಿಸಿಬಿಟ್ಟಾರ. ಅಮ್ಮಗ ತಂಪು ಬೇಕಲ್ಲ, ನೀವು ಐಸ್‌ನ್ಯಾಗ ಒಯ್ತೀನಿ ಅಂದ್ರಿ. ಇದಕ್ಕಿಂತ ಒಳ್ಳೆ ತೇರು ಆಕೀಗೆ ಎಲ್ಲಿ ಸಿಗಬೇಕು?"

"ಅಂದ್ರ, ಕಟ್ಟು?"

"ಆಕಿ ಗಡಿ ದಾಟಿದ ಮ್ಯಾಲೆ ಕಟ್ಟು ಎಲ್ಲೀದು? ಹಂಪಸಾಗರದ ಕಡೆ ಸೇಂಗಾ ಕಿತ್ತ ಹೊಲದಾಗ ಗೊಬ್ಬರಕ್ಕ ಕುರಿ ತರುಬೋಕ ಮಾತಾಗೈತಂತ. ಹೊಂಡೋ ತಯಾರಿನ್ಯಾಗ ಇರ್ತಾರ."

ಆ ಹೊತ್ತಿಗೆ ಹೊಳೆದಂಡೆಯ ಹೊಲಗಳಲ್ಲಿ ನಾಲ್ಕೂ ಕಡೆಯ ಮಂದೆಗಳು ಕೂಡುತ್ತವೆ. ಅಲ್ಲಿ ಯಾವ ಕುರಿಗೂ ಲಸಿಕೆ ಬಿದ್ದಿಲ್ಲ. ಹಾಲಪ್ಪನ ಮಂದೆಯಲ್ಲಿ ಇನ್ನೂ ಗಂಟು ಏಳುತ್ತಿವೆ, ಅದೇ ಗಂಟನ್ನು ಬೆಳಗ್ಗೆ ನಾನೇ ಕೊಯ್ದು ತಂದಿದ್ದೇನೆ. ಈ ಮಂದೆ ಅಲ್ಲಿಗೆ ಹೋದರೆ ಹರಡುವುದಕ್ಕೆ ಎಷ್ಟು ಹೊತ್ತು?

"ನೀ ಹೋಗಿ ಹೇಳು, ಹೊರಡಬೇಡ್ರಿ ಅಂತ."

"ನನ್ನ ಮಾತು ಯಾರ್ ಕೇಳ್ತಾರ್ರಿ? ನೀವು ಹೇಳಿದ್ರೂ ಕೇಳಂಗಿಲ್ಲ. ಅಮ್ಮನೇ ಹೊಳ್ಳಿ ಬರಬೇಕು."

ಬಸ್ ಶುರುವಾಯಿತು. ಕಂಡಕ್ಟರ್ ಹತ್ತ್ರೀ ಹತ್ತ್ರೀ ಎನ್ನುತ್ತಿದ್ದ. ಹಾವೂ ಸಾಯಬಾರದು, ಕೋಲೂ ಮುರಿಯಬಾರದು ಎಂದು ಕೊಟ್ರಪ್ಪನೇ ಒಂದು ಉಪಾಯ ಹೇಳಿದ. ಸೀಸೆಗಳನ್ನು ನಾನು ಚೀಲದಲ್ಲಿ ಒಯ್ಯುವುದು, ಖಾಲಿ ಡಬ್ಬಿಯನ್ನು ಅವನು ವಾಪಸ್ಸು ಒಯ್ದು ಅಮ್ಮ ಬಂದಳು ಎನ್ನುವುದು. ಹೇಳಿ ಅವನೇ ತಲೆ ಕೊಡವಿದ. ಕೆಂಚವ್ವ ಡಬ್ಬಿ ತೆಗೆದು ನೋಡದೆ ಇರುತ್ತಾಳೆಯೇ? ಐಸ್ ಇಲ್ಲದೆ ಚೀಲದಲ್ಲಿ ಒಯ್ದ ಗಂಟು ಬೆಂಗಳೂರು ಮುಟ್ಟುವಷ್ಟರಲ್ಲಿ ಕೊಳೆತು ನಾರುತ್ತದೆ, ಅದೂ ನನಗೆ ಗೊತ್ತಿತ್ತು.

ಬಸ್ ಹೋಯಿತು. ನಾನು ಬಿಟ್ಟೆ ಎನ್ನಲೋ, ಅದು ನನ್ನನ್ನು ಬಿಟ್ಟಿತು ಎನ್ನಲೋ. ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ ಎಂದು ಜನ ಹೇಳುವುದನ್ನು ಕೇಳಿದ್ದೆ. ನನ್ನ ತುತ್ತನ್ನು ತೊಡೆಯ ಮೇಲೆ ಇಟ್ಟುಕೊಂಡು, ಕೊಟ್ರಪ್ಪನ ಬೈಕಿನ ಹಿಂದೆ ಕೂತು, ದಾರಿಯುದ್ದಕ್ಕೂ ಗುರುಗಳಿಗೆ ಏನು ಹೇಳಲಿ ಎಂದು ಯೋಚಿಸುತ್ತಾ ಹೋದೆ.

ರೊಪ್ಪದ ಬಾಗಿಲಿನ ಮುಳ್ಳು ಸರಿಸಿ ಆಗಿತ್ತು. ಕತ್ತೆಗಳ ಮೇಲೆ ಬಲೆ, ಪಾತ್ರೆ, ಎಳೆಯ ಮರಿಗಳನ್ನು ಹೇರುತ್ತಿದ್ದರು. ಡಬ್ಬಿ ಹಿಡಿದು ಬಂದ ನನ್ನನ್ನು ನೋಡಿ ಎಲ್ಲರೂ ಅಲ್ಲಲ್ಲೇ ನಿಂತರು.

"ಯಾಕ್ರಿ ಡಾಕ್ಟರವ್ವ, ಹೊಳ್ಳಿ ತಂದ್ರಿ?" ಎಂದ ಹಾಲಪ್ಪ.

ಸುಳ್ಳು ಹೇಳಲು ಬಾಯಿ ಬರಲಿಲ್ಲ, ಹೇಳುವ ಅಗತ್ಯವೂ ಇರಲಿಲ್ಲ. ಹತ್ತಿರದಲ್ಲಿದ್ದ ಒಂದು ಹೆಣ್ಣು ಕುರಿಯನ್ನು ಹಿಡಿದು ಬಾಲ ಎತ್ತಿ ತೋರಿಸಿದೆ. ಬೆಳಗ್ಗೆ ಕೊಯ್ದಲ್ಲಿನ ಗಾಯದ ಪಕ್ಕ ಹೊಸ ಗಂಟು ಕೆಂಪಗೆ ಎದ್ದಿತ್ತು.

"ಇಲ್ನೋಡ್ರಿ. ಆಕಿ ಇನ್ನೂ ಇಲ್ಲೇ ಅದಾಳ. ಅರ್ಧಾನ ನಾ ಕರಕೊಂಡು ಹೋದ್ರ ಉಳದರ್ಧ ಏನ್ ಮಾಡಬೇಕು? ಪೂರಾ ಹೊಂಡೋ ತನಕ ಡಬ್ಬಿ ಇಲ್ಲೇ ಇರ್ತೈತಿ."

ಕೆಂಚವ್ವ ಬಂದು ಡಬ್ಬಿ ತೆಗೆದು, ಸೀಸೆಗಳನ್ನು ಮುಟ್ಟಿ ನೋಡಿದಳು. ನನ್ನ ಮುಖ ನೋಡಿದಳು. "ನಿಮ್ಮ ಬೆಂಗಳೂರು?" ಎಂದಳು. ನಾನು ಡಬ್ಬಿಯ ಮುಚ್ಚಳ ಹಾಕಿದೆ. ಅವಳು ಡಬ್ಬಿಯನ್ನು ಎತ್ತಿ ರೊಪ್ಪದ ಒಳಗೆ ಬೇವಿನ ತೋರಣದ ಕೆಳಗೆ ಇಟ್ಟಳು. ಹಾಲಪ್ಪ ಕತ್ತೆಗಳ ಮೇಲಿನ ಹೇರು ಇಳಿಸಿದ. ಯಾರೋ ಬಾಗಿಲಿಗೆ ಮುಳ್ಳು ಎಳೆದರು.

ಐಸ್ ಕರಗಿತು, ಗಂಟುಗಳು ಕೊಳೆತವು. ತಿಂಗಳು ಮುಗಿಯಿತು. ಗುರುಗಳು ಫೋನಿನಲ್ಲಿ ಬಯ್ಯಲಿಲ್ಲ, ಬೈದಿದ್ದರೆ ವಾಸಿಯಿತ್ತು. "ಸರಿ ಬಿಡಮ್ಮ" ಎಂದರು. ಆ ಜಾಗಕ್ಕೆ ಬೇರೆ ಯಾರೋ ಸೇರಿಕೊಂಡರು.

ಇನ್ನೊಂದು ಮಾತನ್ನು ಇಲ್ಲೇ ಹೇಳಿ ಮುಗಿಸುತ್ತೇನೆ. ಕೆಲವು ವರ್ಷಗಳಾದ ಮೇಲೆ ತಿಳಿದುಬಂತು, ಸಿಡುಬಿನ ಜಾತಿಯದೇ ಇನ್ನೊಂದು ವೈರಸ್ಸಿನಿಂದ ಆ ಕಿಣ್ವವನ್ನು ಪೂರ್ತಿ ತೆಗೆದುಹಾಕಿದರೂ ಅದು ಸಾಯುವುದಿಲ್ಲವಂತೆ. ಸೊರಗುತ್ತದೆ, ನಿಧಾನವಾಗುತ್ತದೆ, ಆದರೂ ಬದುಕುತ್ತದೆ. ಅಂದರೆ ನಾನು ಹೋಗಿದ್ದರೂ ಹೊಳೆಯಲ್ಲಿ ಹುಣಸೆಹಣ್ಣು ತೊಳೆದ ಹಾಗೆ ಆಗುತ್ತಿತ್ತೋ ಏನೋ. ಇದನ್ನು ತಿಳಿದಾಗ ಸಮಾಧಾನ ಆಗಬೇಕಿತ್ತು. ಆಗಲಿಲ್ಲ. ಆ ಕೈಯನ್ನು ಒಂದು ಸಲ ಹತ್ತಿರದಿಂದ ನೋಡುವ ಆಸೆಗೂ ಅದರಿಂದ ಲಾಭವಿದೆಯೋ ಇಲ್ಲವೋ ಎನ್ನುವುದಕ್ಕೂ ಸಂಬಂಧವೇ ಇರಲಿಲ್ಲ.

ಮಳೆ ಪೂರ್ತಿ ನಿಂತು, ಜೋಳದ ಹೊಲಗಳ ಮೇಲೆ ಇಬ್ಬನಿ ಬೀಳತೊಡಗಿದಾಗ ಕೊನೆಯ ಕುರಿಯ ಮೈಯಿಂದಲೂ ಹಕ್ಕಳೆ ಉದುರಿತು. ನಾನು ಒಂದೊಂದೇ ಕುರಿಯ ಬಾಲ ಎತ್ತಿ ನೋಡಿ, ಈಗ ಹೋಗಬಹುದು ಎಂದೆ. ಹೊಳೆಯ ಕಡೆಯ ಮಂದೆಗಳಲ್ಲಿ ಆ ವರ್ಷ ಅಮ್ಮ ಕಾಣಿಸಿಕೊಳ್ಳಲಿಲ್ಲ. ಆ ಸುದ್ದಿ ತಂದದ್ದೂ ಕೊಟ್ರಪ್ಪನೇ.

ಕಳಿಸುವ ದಿನ ಮಧ್ಯಾಹ್ನ ಊರಗಡಿಯ ಆಚೆ ಗುಂಡಿ ತೋಡಿದ್ದರು. ಉದುರಿದ ಹಕ್ಕಳೆ, ಕತ್ತರಿಸಿದ ಉಣ್ಣೆಯನ್ನೆಲ್ಲ ಅಲ್ಲಿಗೆ ತಂದು ಸುರಿದರು. ಸುಣ್ಣವನ್ನು ನಾನು ತರಿಸಿದ್ದೆ. ಡಬ್ಬಿ ನನ್ನ ಕೈಗೆ ಕೊಟ್ಟು ಕೆಂಚವ್ವ ಹೇಳಿದಳು.

"ಹೊತ್ತವ್ರೇ ಕಳಿಸಬೇಕ್ರಿ. ನೀವೇ ಹಾಕ್ರಿ."

ಡಬ್ಬಿ ಸರ್ಕಾರದ್ದು, ಅದನ್ನು ಹೂಳಬೇಡಿ ಎಂದು ಕೊಟ್ರಪ್ಪ ಮೆಲ್ಲಗೆ ನೆನಪಿಸಿದ. ಸೀಸೆಗಳನ್ನಷ್ಟೇ ತೆಗೆದು ಒಂದೊಂದಾಗಿ ಗುಂಡಿಗೆ ಹಾಕಿದೆ. ಮೇಲೆ ಸುಣ್ಣ, ಬೇವು, ಮಣ್ಣು. ಹೆಂಗಸರು "ಹೋಗಿ ಬಾರವ್ವ" ಎನ್ನಲಿಲ್ಲ, ಈ ತಾಯಿಗೆ ಮತ್ತೆ ಬಾ ಎನ್ನುವ ಹಾಗಿಲ್ಲ. "ಹೋಗವ್ವ ತಾಯಿ, ತಂಪಾಗಿ ಹೋಗು" ಎಂದರು. ನಾನೂ ಅಂದೆ.

"ಇನ್ನ ನಡೀರಿ. ತಿರುಗಿ ನೋಡಬ್ಯಾಡ್ರಿ ಯಾರೂ" ಎಂದ ಹಾಲಪ್ಪ. ಎಲ್ಲರೂ ತಲೆ ತಗ್ಗಿಸಿ ನಡೆದರು. ನನಗೆ ಆಗಲಿಲ್ಲ. ಸ್ವಲ್ಪ ದೂರ ಹೋಗಿ ನಿಂತು ನೋಡಿದೆ. ಬೆಳ್ಳಗಿನ ಸುಣ್ಣದ ಮೇಲೆ ಹಸಿ ಮಣ್ಣು, ಅಷ್ಟೇ.

ಮುಂದೆ ನಡೆಯುತ್ತಿದ್ದ ಕೆಂಚವ್ವ ಹಿಂದೆ ತಿರುಗದೆಯೇ ಕೇಳಿದಳು. "ನೋಡಿದ್ರಿ, ಹೌದಿಲ್ಲೋ?"

"ಹೂಂ, ಕೆಂಚಕ್ಕ."

"ಆಗ್ಲಿ ಬಿಡ್ರಿ. ತಿರುಗಿ ನೋಡಿದವ್ರ ಬೆನ್ನು ಹತ್ತತಾಳಂತ ಆಕಿ. ನಿಮ್ಮ ಕೂಡನ ಬರ್ಲಿ, ನಮ್ಮ ಕುರಿ ಬಿಡ್ಲಿ."

ಕುರಿಗಳನ್ನು ಬಿಟ್ಟಳು. ನನ್ನನ್ನು ಇನ್ನೂ ಬಿಟ್ಟಿಲ್ಲ.